ವಿಜಯಿಯ ಪುರಪ್ರವೇಶ: ಐರ್ಲೆಂಡಿನ ಗಾಲ್ಫ್ ವೀರರೂ ನಾಡಿನ ಅಭಿಮಾನವೂ

೧

ಕ್ರೀಡೆಯಲ್ಲಿ ಗೆದ್ದವನನ್ನು ಅವನ ಊರು ಸಂಭ್ರಮದಿಂದ ಬರಮಾಡಿಕೊಳ್ಳುವ ಸಂಪ್ರದಾಯವು ಬಹು ಪ್ರಾಚೀನವಾದುದು. ಕ್ರಿ. ಪೂ. ೪೧೨ರಲ್ಲಿ ಒಲಿಂಪಿಯದ ಓಟದಲ್ಲಿ ಜಯಶಾಲಿಯಾದ ಎಕ್ಸೈನೆಟಸ್ ಎಂಬಾತನು ಸಿಸಿಲಿ ದ್ವೀಪದಲ್ಲಿದ್ದ ತನ್ನ ಪಟ್ಟಣವಾದ ಅಕ್ರಗಾಸಿಗೆ ಹಿಂದಿರುಗಿದಾಗ, ಬಿಳಿಯ ಕುದುರೆಗಳನ್ನು ಹೂಡಿದ ಮುನ್ನೂರು ರಥಗಳು ಆತನ ಮೆರವಣಿಗೆಯಲ್ಲಿ ನಡೆದುವೆಂದು ಇತಿಹಾಸಕಾರನಾದ ಡಿಯೊಡೋರಸನು ಬರೆದಿದ್ದಾನೆ. ಇಂಥ ವಿಜಯಿಯ ಪ್ರವೇಶಕ್ಕಾಗಿ ಕೋಟೆಗೋಡೆಯ ಒಂದು ಭಾಗವನ್ನು ಕೆಡವಿ ದಾರಿಮಾಡುವ ಪದ್ಧತಿಯಿದ್ದಿತೆಂದೂ, ಅಂಥ ವೀರರುಳ್ಳ ಪಟ್ಟಣಕ್ಕೆ ಗೋಡೆಯ ರಕ್ಷಣೆ ಬೇಡವೆಂಬುದೇ ಅದರ ಅಭಿಪ್ರಾಯವೆಂದೂ ಪ್ಲೂಟಾರ್ಕನು ವಿವರಿಸುತ್ತಾನೆ. ಆದರೆ ಆ ಕಾಲದಲ್ಲಿಯೂ ಈ ಸಂಭ್ರಮವನ್ನು ಎಲ್ಲರೂ ಮೆಚ್ಚಿರಲಿಲ್ಲ. ಎಕ್ಸೈನೆಟಸನಿಗಿಂತ ಒಂದು ಶತಮಾನಕ್ಕೂ ಹಿಂದೆಯೇ ತತ್ತ್ವಜ್ಞನೂ ಕವಿಯೂ ಆದ ಕ್ಸೆನೊಫಾನೀಸನು, ಓಟಗಾರನ ಕಾಲಿನ ವೇಗದಿಂದ ಊರಿನ ಆಡಳಿತವು ಉತ್ತಮವಾಗುವುದಿಲ್ಲ, ಕಣಜವು ತುಂಬುವುದಿಲ್ಲ, ಆದುದರಿಂದ ದೇಹಬಲಕ್ಕೆ ವಿವೇಕಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲತಕ್ಕುದಲ್ಲವೆಂದು ಆಕ್ಷೇಪಿಸಿದ್ದನು.

ಈ ಆಕ್ಷೇಪಣೆಯಲ್ಲಿ ನ್ಯಾಯವುಂಟು. ಆದರೂ ಎರಡೂವರೆ ಸಾವಿರ ವರ್ಷಗಳಿಂದ ಜನರು ಅದನ್ನು ಕೇಳಿಯೂ ಮೆರವಣಿಗೆಯನ್ನು ನಿಲ್ಲಿಸಲಿಲ್ಲ. ಇದಕ್ಕೆ ಕಾರಣವೇನು? ಪುರಪ್ರವೇಶವು ಕೇವಲ ವಿಜಯಿಗೆ ಸಲ್ಲಿಸುವ ಮರ್ಯಾದೆಯಲ್ಲ. 'ಈತನು ನಮ್ಮವನು' ಎಂದು ಜನರು ತಮ್ಮನ್ನು ಕುರಿತು ಹೇಳಿಕೊಳ್ಳುವ ಮಾತು ಅದು. ಹಾಗಾದರೆ ಈ 'ನಮ್ಮವರು' ಎಂಬುದರ ಮೇರೆ ಯಾವುದು? ಊರೋ, ಸೀಮೆಯೋ, ರಾಷ್ಟ್ರವೋ? ಎಲ್ಲೆಗಳು ಸ್ಥಿರವಾಗಿರುವ ದೇಶಗಳಲ್ಲಿ ಈ ಪ್ರಶ್ನೆಯು ಏಳುವುದೇ ಇಲ್ಲ. ಎಲ್ಲೆಯೇ ವಿವಾದಕ್ಕೆ ವಿಷಯವಾಗಿರುವ ದೇಶದಲ್ಲಿ ಅದು ಪ್ರತಿಯೊಂದು ವಿಜಯದೊಡನೆಯೂ ಮೇಲಕ್ಕೆ ಬರುತ್ತದೆ. ಈ ಕಾರಣದಿಂದ ಐರ್ಲೆಂಡಿನ ಗಾಲ್ಫ್ ವೀರರ ಚರಿತ್ರೆಯು ವಿಚಾರಾರ್ಹವಾಗಿದೆ. ೧೯೪೭ರಿಂದ ಈಚೆಗೆ ಆ ದ್ವೀಪದ ಆಟಗಾರರು ಪ್ರಪಂಚದ ಶ್ರೇಷ್ಠ ಪ್ರಶಸ್ತಿಗಳನ್ನು ಹಲವು ಬಾರಿ ಗೆದ್ದು ಮನೆಗೆ ತಂದರು. ಆದರೆ ಆ 'ಮನೆ' ಯಾವುದೆಂಬುದನ್ನು ಜನರು ಬಗೆಬಗೆಯಾಗಿ ತಿಳಿದರು.

೨

ಗಾಲ್ಫು ಐರ್ಲೆಂಡಿನಲ್ಲಿ ಹುಟ್ಟಿದ ಆಟವಲ್ಲ. ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಣ್ಣೆಗಳಲ್ಲಿ ಬೆಳೆದ ಈ ಆಟದಲ್ಲಿ ಆಟಗಾರನು ಚಿಕ್ಕದೊಂದು ಚೆಂಡನ್ನು ದಾಂಡುಗಳಿಂದ ಹೊಡೆಯುತ್ತ ಹದಿನೆಂಟು ಕುಳಿಗಳಿಗೆ ಕ್ರಮವಾಗಿ ಸೇರಿಸಬೇಕು. ಕಡಮೆ ಹೊಡೆತಗಳಲ್ಲಿ ಮುಗಿಸಿದವನು ಗೆಲ್ಲುತ್ತಾನೆ. ೧೮೬೦ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ಕಿನಲ್ಲಿ ಆರಂಭವಾದ ಓಪನ್ ಚಾಂಪಿಯನ್‌ಷಿಪ್ ಇದರ ಅತ್ಯಂತ ಹಳೆಯ ಮಹಾಪಂದ್ಯ. ಗೆದ್ದವನನ್ನು ಆ ವರ್ಷದ ಚಾಂಪಿಯನ್ ಗಾಲ್ಫರ್ ಎಂದು ಸಾರಿ, ಕ್ಲಾರೆಟ್ ಜಗ್ ಎಂದು ಪ್ರಸಿದ್ಧವಾದ ಬೆಳ್ಳಿಯ ಹೂಜಿಯನ್ನು ಕೊಡುತ್ತಾರೆ. ಬೆಲ್‌ಫಾಸ್ಟಿನ ಕ್ಲಬ್ಬು ೧೮೮೧ರಲ್ಲಿಯೂ, ಉತ್ತರದ ಕರಾವಳಿಯ ಪೋರ್ಟ್‌ರಷ್ ಪಟ್ಟಣದ ಕ್ಲಬ್ಬು ೧೮೮೮ರಲ್ಲಿಯೂ ಸ್ಥಾಪಿತವಾದುವು. ಇವೆರಡಕ್ಕೂ 'ರಾಯಲ್' ಎಂಬ ಬಿರುದು ದೊರೆಯಿತು. ಬ್ರಿಟಿಷ್ ಸಿಂಹಾಸನದ ನೆರಳಿನಲ್ಲಿ ಐರ್ಲೆಂಡಿನ ಅನುಕೂಲಸ್ಥರು ಆಡುತ್ತಿದ್ದ ಆಟವಿದು ಎಂಬುದನ್ನು ಆ ಬಿರುದೇ ಸೂಚಿಸುತ್ತದೆ.

ಅದೇ ಕಾಲದಲ್ಲಿ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಪ್ರವಾಹವೂ ಹರಿಯತೊಡಗಿತು. ೧೮೮೪ರ ನವೆಂಬರ್ ೧ರಂದು ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಗೇಲಿಕ್ ಕ್ರೀಡಾಸಂಘವು ಹುಟ್ಟಿತು. ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಮೊದಲಾದ ದೇಶೀಯ ಆಟಗಳನ್ನು ಪುನರುಜ್ಜೀವನಗೊಳಿಸುವುದು ಅದರ ಉದ್ದೇಶ. ಈ ಸಂಘವು ಗ್ರಾಮಗ್ರಾಮಗಳಲ್ಲಿಯೂ ಬೇರುಬಿಟ್ಟು, ಭಾಷಾಭಿಮಾನಕ್ಕೂ ಸ್ವಾತಂತ್ರ್ಯಾಕಾಂಕ್ಷೆಗೂ ಹತ್ತಿರವಾಗಿ ನಿಂತಿತು. ಕ್ರಿಕೆಟ್, ರಗ್ಬಿ, ಸಾಕರ್, ಹಾಕಿ ಎಂಬ ಆಟಗಳನ್ನು 'ವಿದೇಶೀಯ' ಎಂದು ಹೆಸರಿಸಿ, ಅವನ್ನು ಆಡಿದ ಸದಸ್ಯರಿಗೆ ಬಹಿಷ್ಕಾರ ಹಾಕುವ ನಿಯಮವನ್ನು ಅದು ೧೯೭೧ರ ವರೆಗೂ ಉಳಿಸಿಕೊಂಡಿತ್ತು. ಗೇಲಿಕ್ ಭಾಷೆಯ ಉದ್ಧಾರಕ್ಕಾಗಿ ೧೮೯೩ರಲ್ಲಿ ಏರ್ಪಟ್ಟ ಗೇಲಿಕ್ ಲೀಗಿನ ಮೊದಲನೆಯ ಅಧ್ಯಕ್ಷನೂ, ೧೯೩೮ರಲ್ಲಿ ದೇಶದ ಪ್ರಥಮ ರಾಷ್ಟ್ರಾಧ್ಯಕ್ಷನೂ ಆದ ಡಗ್ಲಸ್ ಹೈಡನು ಪದವಿಯ ಕರ್ತವ್ಯವೆಂದು ಒಂದು ಸಾಕರ್ ಪಂದ್ಯಕ್ಕೆ ಹೋಗಿ ಕುಳಿತನು. ಅಷ್ಟಕ್ಕೆ, ಅದೇ ವರ್ಷದಲ್ಲಿ, ಸಂಘವು ಆತನ ಹೆಸರನ್ನು ತನ್ನ ಪೋಷಕರ ಪಟ್ಟಿಯಿಂದ ತೆಗೆದುಹಾಕಿತು. ನಾಡಿನ ಭಾಷೆಗಾಗಿ ಬಾಳನ್ನೇ ಸವೆಸಿದ ವಿದ್ವಾಂಸನಿಗೂ ಈ ಗತಿಯೊದಗಿದುದನ್ನು ನೋಡಿದರೆ, ಆ ಕಾಲದಲ್ಲಿ ಆಟವೆಂಬುದು ರಾಷ್ಟ್ರನಿಷ್ಠೆಯ ಒರೆಗಲ್ಲಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಗಾಲ್ಫಿನ ಹೆಸರು ಆ ನಿಷೇಧದ ಪಟ್ಟಿಯಲ್ಲಿ ಇರಲಿಲ್ಲ. ಅದರಿಂದ ಎರಡು ಫಲಗಳುಂಟಾದುವು. ಮೊದಲನೆಯದಾಗಿ, ಗೇಲಿಕ್ ಫುಟ್‌ಬಾಲ್ ಆಡುವವನು ಗಾಲ್ಫನ್ನೂ ಆಡಬಹುದಾಗಿತ್ತು. ಒಂದೇ ಮನೆಯಲ್ಲಿ ಎರಡು ಆಟಗಳೂ ನೆಲೆಸಬಹುದಾಗಿತ್ತು. ಇದರ ಮಹತ್ತ್ವವು ಮುಂದೆ ಕಂಡುಬರುವುದು. ಎರಡನೆಯದಾಗಿ, ಪಟ್ಟಿಯಲ್ಲಿದ್ದ ಆಟಗಳಿಗೆ ಅಂಟಿದ ರಾಜಕೀಯದ ಕಾವು ಗಾಲ್ಫಿಗೆ ಅಷ್ಟಾಗಿ ತಟ್ಟಲಿಲ್ಲ. ೧೯೨೧ರಲ್ಲಿ ದ್ವೀಪವು ಇಬ್ಭಾಗವಾಗಿ, ಮೂವತ್ತೆರಡು ಕೌಂಟಿಗಳಲ್ಲಿ ಆರು ಬ್ರಿಟನ್ನಿನೊಡನೆ ಉಳಿದುವು. ಇಪ್ಪತ್ತಾರು ಬೇರೆಯಾಗಿ, ಕಾಲಕ್ರಮದಲ್ಲಿ ಗಣರಾಜ್ಯವಾದುವು. ಸಾಕರಿನ ಆಡಳಿತವೂ ಅದೇ ವರ್ಷ ಎರಡಾಗಿ ಒಡೆಯಿತು. ಆದರೆ ೧೮೯೧ರಲ್ಲಿ ಬೆಲ್‌ಫಾಸ್ಟಿನಲ್ಲಿ ಸ್ಥಾಪಿತವಾಗಿ, ರಾಷ್ಟ್ರೀಯ ಗಾಲ್ಫ್ ಸಂಘಗಳಲ್ಲೆಲ್ಲ ಅತ್ಯಂತ ಪ್ರಾಚೀನವೆನಿಸಿದ್ದ ಐರ್ಲೆಂಡಿನ ಗಾಲ್ಫ್ ಒಕ್ಕೂಟವು ಒಡೆಯಲಿಲ್ಲ. ಎರಡೂ ಕಡೆಯ ಕ್ಲಬ್ಬುಗಳು ಅದರಲ್ಲಿಯೇ ಉಳಿದುವು. ೧೮೯೩ರಲ್ಲಿ ಏರ್ಪಟ್ಟಿದ್ದ ಮಹಿಳೆಯರ ಒಕ್ಕೂಟವೂ ಹಾಗೆಯೇ ಇಡೀ ದ್ವೀಪಕ್ಕೆ ಸೇರಿದುದಾಗಿತ್ತು. ಇವೆರಡೂ ೨೦೨೧ರ ಜನವರಿಯಲ್ಲಿ ಒಂದಾಗಿ ಇಂದಿನ ಗಾಲ್ಫ್ ಐರ್ಲೆಂಡ್ ಸಂಸ್ಥೆಯಾದುವು. ರಾಜ್ಯಗಳು ಎರಡಾದರೂ ಆಟದ ನಕ್ಷೆಯಲ್ಲಿ ಐರ್ಲೆಂಡು ಒಂದಾಗಿಯೇ ಉಳಿಯಿತು.

೩

ಓಪನ್ ಪ್ರಶಸ್ತಿಯನ್ನು ಗೆದ್ದ ಪ್ರಥಮ ಐರಿಷ್ ಆಟಗಾರನು ಫ್ರೆಡ್ ಡೇಲಿ. ಈತನು ೧೯೧೧ರಲ್ಲಿ ಪೋರ್ಟ್‌ರಷ್ಷಿನಲ್ಲಿ ಹುಟ್ಟಿದನು. ಅಲ್ಲಿಯ ಮೈದಾನದಲ್ಲಿ ಆಟಗಾರರ ದಾಂಡುಗಳನ್ನು ಹೊತ್ತು ನಡೆಯುವ ಕ್ಯಾಡಿಯಾಗಿ ದುಡಿಯುತ್ತಲೇ ಆಟವನ್ನು ಕಲಿತ ಬಾಲಕನಿವನು. ೧೯೪೭ರಲ್ಲಿ ಲಿವರ್‌ಪೂಲಿನ ಸಮೀಪದ ಹಾಯ್‌ಲೇಕಿನಲ್ಲಿ ನಡೆದ ಪಂದ್ಯದಲ್ಲಿ ನಾಲ್ಕು ಸುತ್ತುಗಳನ್ನು ೨೯೩ ಹೊಡೆತಗಳಲ್ಲಿ ಮುಗಿಸಿ, ಒಂದೇ ಒಂದು ಹೊಡೆತದ ಅಂತರದಿಂದ ಗೆದ್ದನು. ಅದಕ್ಕೆ ಹಿಂದಿನ ವರ್ಷವೇ ಐರಿಷ್ ಓಪನ್ ಪ್ರಶಸ್ತಿಯನ್ನೂ ಆತನು ಪಡೆದಿದ್ದನು.

ಡೇಲಿಯು ಯಾರವನು? ಆತನ ಊರು ಬ್ರಿಟಿಷ್ ಆಳ್ವಿಕೆಯ ಉತ್ತರ ಐರ್ಲೆಂಡಿನಲ್ಲಿದ್ದಿತು. ೧೯೪೭ರ ನವೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ರೈಡರ್ ಕಪ್ ಪಂದ್ಯ ನಡೆದಾಗ ಆತನು ಗ್ರೇಟ್ ಬ್ರಿಟನ್ನಿನ ತಂಡದಲ್ಲಿ ಆಡಿದನು. ಆ ತಂಡದ ಹೆಸರಿನಲ್ಲಿ 'ಐರ್ಲೆಂಡು' ಎಂಬ ಪದವು ಸೇರಿದುದು ೧೯೭೩ರಲ್ಲಿ. ಆದರೂ ಐರಿಷ್ ಗಾಲ್ಫಿನ ಪರಂಪರೆಯನ್ನು ಹೇಳುವವರು, ದಕ್ಷಿಣದವರಾಗಲಿ ಉತ್ತರದವರಾಗಲಿ, ಆತನ ಹೆಸರನ್ನೇ ಮೊದಲು ಹೇಳುತ್ತಾರೆ. ಪೋರ್ಟ್‌ರಷ್ಷಿನ ಮೈದಾನದಲ್ಲಿ ನಾಲ್ಕನೆಯ ಕುಳಿಗೆ ಆತನ ಹೆಸರನ್ನೇ ಇಟ್ಟಿದ್ದಾರೆ. ಒಂದು ಕಾಲದಲ್ಲಿ ಪರರ ದಾಂಡುಗಳನ್ನು ಹೊತ್ತು ನಡೆದ ಹುಡುಗನ ಹೆಸರು ಅದೇ ನೆಲದ ಒಂದು ಭಾಗಕ್ಕೆ ಹೆಸರಾದುದನ್ನೂ ಒಂದು ಬಗೆಯ ಪುರಪ್ರವೇಶವೆಂದೇ ಎಣಿಸಬಹುದು.

ಡೇಲಿಯ ಜಯದ ಬಳಿಕ ಮುಂದಿನ ಅರುವತ್ತು ವರ್ಷಗಳ ಕಾಲ ಆ ಹೂಜಿಯು ಐರಿಷ್ ಆಟಗಾರನ ಕೈಸೇರಲಿಲ್ಲ. ೧೯೪೯ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ವಿಚ್ಚಿನಲ್ಲಿ ಹ್ಯಾರಿ ಬ್ರಾಡ್‌ಷಾ ಎಂಬಾತನ ಚೆಂಡು ಉರುಳಿಹೋಗಿ ಒಡೆದ ಬಾಟಲಿಯೊಂದರ ನಡುವೆ ನಿಂತಿತು. ಆತನು ಅಧಿಕಾರಿಗಳ ತೀರ್ಪಿಗಾಗಿ ಕಾಯದೆ ಗಾಜಿನೊಡನೆಯೇ ಚೆಂಡನ್ನು ಹೊಡೆದನು. ಕೊನೆಗೆ ದಕ್ಷಿಣ ಆಫ್ರಿಕದ ಬಾಬಿ ಲಾಕನೊಡನೆ ಸಮನಾಗಿ ಮುಗಿಸಿ, ಮರುಪಂದ್ಯದಲ್ಲಿ ಸೋತನು. ಈ ಬಾಟಲಿಯ ಕಥೆಯನ್ನು ಐರ್ಲೆಂಡಿನ ಜನ ಎಷ್ಟೋ ಗೆಲವುಗಳಿಗಿಂತ ಹೆಚ್ಚಾಗಿ ನೆನೆದುಕೊಂಡು ಬಂದಿದ್ದಾರೆ. ಇದೇ ಬ್ರಾಡ್‌ಷಾ ೧೯೫೮ರಲ್ಲಿ ಕ್ರಿಸ್ಟಿ ಓ'ಕಾನರನೊಡನೆ ಮೆಕ್ಸಿಕೊ ನಗರದಲ್ಲಿ ಐರ್ಲೆಂಡಿನ ಪರವಾಗಿ ಆಡಿ, ರಾಷ್ಟ್ರತಂಡಗಳ ಸ್ಪರ್ಧೆಯಾದ ಕೆನಡ ಕಪ್ಪನ್ನು ಗೆದ್ದನು. ಅನಂತರ ವರ್ಲ್ಡ್ ಕಪ್ ಎಂದು ಹೆಸರಾದ ಈ ಸ್ಪರ್ಧೆಯಲ್ಲಿ ಐರ್ಲೆಂಡಿನ ತಂಡವೆಂದರೆ ಇಡೀ ದ್ವೀಪದ ತಂಡ. ೨೦೦೯ರಲ್ಲಿ ಆ ತಂಡದ ಇಬ್ಬರು ಆಟಗಾರರೂ ಉತ್ತರದ ಆರು ಕೌಂಟಿಗಳವರೇ ಆಗಿದ್ದರು. ಅದರಲ್ಲಿ ವಿಚಿತ್ರವೇನನ್ನೂ ಯಾರೂ ಕಾಣಲಿಲ್ಲ.

೪

೨೦೦೭ರ ಜುಲೈ ತಿಂಗಳಿನಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ಡಬ್ಲಿನ್ನಿನ ಪಾಡ್ರಿಗ್ ಹ್ಯಾರಿಂಗ್‌ಟನನು ಈ ಬರವನ್ನು ನೀಗಿದನು. ಕೊನೆಯ ಕುಳಿಯಲ್ಲಿ ಎರಡು ಬಾರಿ ಚೆಂಡನ್ನು ಹಳ್ಳದ ನೀರಿಗೆ ಹಾಕಿಯೂ, ಸ್ಪೇನಿನ ಸೆರ್ಜಿಯೊ ಗಾರ್ಸಿಯನೊಡನೆ ಸಮನಾಗಿ ನಿಂತು, ನಾಲ್ಕು ಕುಳಿಗಳ ಮರುಪಂದ್ಯದಲ್ಲಿ ಗೆದ್ದನು. ಗಣರಾಜ್ಯದಿಂದ ಬಂದ ಮೊದಲನೆಯ ಓಪನ್ ವಿಜಯಿ ಈತನೇ. ಮರುವರ್ಷವೂ ಆ ಪ್ರಶಸ್ತಿಯನ್ನು ಆತನೇ ಉಳಿಸಿಕೊಂಡನು.

ಹ್ಯಾರಿಂಗ್‌ಟನನ ವಂಶವೃತ್ತಾಂತವು ಈ ಪ್ರಬಂಧದ ವಿಷಯಕ್ಕೆ ಬಹಳ ಸಮೀಪವಾದುದು. ಆತನ ತಂದೆಯು ಪೋಲೀಸು ಪಡೆಯ ಉದ್ಯೋಗಿ. ೧೯೫೬ ಮತ್ತು ೧೯೫೭ರಲ್ಲಿ ಕಾರ್ಕ್ ಕೌಂಟಿಯ ಪರವಾಗಿ ಗೇಲಿಕ್ ಫುಟ್‌ಬಾಲಿನ ಅಖಿಲ ಐರ್ಲೆಂಡ್ ಅಂತಿಮ ಪಂದ್ಯಗಳಲ್ಲಿ ಆಡಿ, ಎರಡು ಸಲವೂ ಸೋತ ತಂಡದಲ್ಲಿದ್ದವನು. ಮಗನು ಆಟ ಕಲಿತುದು ಡಬ್ಲಿನ್ನಿನ ಹೊರವಲಯದ ಬೆಟ್ಟದ ಮೇಲೆ ಪೋಲೀಸಿನವರೇ ಕಟ್ಟಿಕೊಂಡ ಸ್ಟ್ಯಾಕ್ಸ್‌ಟೌನ್ ಕ್ಲಬ್ಬಿನಲ್ಲಿ. ಒಂದು ಕಾಲದಲ್ಲಿ ಭೂಮಾಲಿಕರ ಮತ್ತು ಸೈನ್ಯಾಧಿಕಾರಿಗಳ ವಿನೋದವಾಗಿದ್ದ ಆಟವು ಗೇಲಿಕ್ ಆಟಗಾರರ ಮನೆಯಂಗಳಕ್ಕೆ ಬಂದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಗೆದ್ದ ಸಂಜೆ ಆತನ ಪುಟ್ಟ ಮಗನು, ಆ ಹೂಜಿಯಲ್ಲಿ ಕೆಂಪು ಚುಕ್ಕೆಹುಳುಗಳನ್ನು ಬಿಡಬಹುದೇ ಎಂದು ಕೇಳಿದ ಪ್ರಸಂಗವು ಅಲ್ಲಿ ಮನೆಮನೆಯ ಮಾತಾಯಿತು. ಮಹಾಪ್ರಶಸ್ತಿಯನ್ನು ಮನೆಯ ಪಾತ್ರೆಯಂತೆ ಕಂಡ ಮಗುವಿನ ಮಾತಿನಲ್ಲಿ ಜನರಿಗೆ ತಮ್ಮದೇ ಸಲಿಗೆ ಕಂಡಿರಬೇಕು.

ಇದರ ಹಿಂದೆಯೇ ಉತ್ತರದವರ ಸರದಿ ಬಂದಿತು. ೨೦೧೦ರ ಜೂನಿನಲ್ಲಿ ಪೋರ್ಟ್‌ರಷ್ಷಿನ ಗ್ರೇಮ್ ಮೆಕ್‌ಡೊವೆಲನು ಅಮೆರಿಕದ ಓಪನ್ ಪ್ರಶಸ್ತಿಯನ್ನು ಗೆದ್ದನು. ಮರುವರ್ಷ ಅದೇ ಪ್ರಶಸ್ತಿಯು ಡೌನ್ ಕೌಂಟಿಯ ಹಾಲಿವುಡ್ ಎಂಬ ಚಿಕ್ಕ ಪಟ್ಟಣದ ಇಪ್ಪತ್ತೆರಡು ವರ್ಷದ ತರುಣ ರೋರಿ ಮ್ಯಾಕಿಲ್‌ರಾಯನಿಗೆ ಸಂದಿತು. ೨೦೧೧ರ ಜುಲೈನಲ್ಲಿ ಡಂಗ್ಯಾನನ್ನಿನಲ್ಲಿ ಹುಟ್ಟಿದ ಡ್ಯಾರೆನ್ ಕ್ಲಾರ್ಕನು ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ ಕ್ಲಾರೆಟ್ ಜಗ್ಗನ್ನು ಪಡೆದನು. ಸುಮಾರು ಹದಿನೆಂಟು ಲಕ್ಷ ಜನರಿರುವ ಪ್ರಾಂತವೊಂದಕ್ಕೆ ಹದಿಮೂರು ತಿಂಗಳಲ್ಲಿ ಮೂರು ಮಹಾಪ್ರಶಸ್ತಿಗಳು ಬಂದುವು.

ಆದರೆ ಇಲ್ಲಿಯೇ ತೊಡಕೂ ಹುಟ್ಟಿತು. ೧೯೦೪ರ ಬಳಿಕ ಒಲಿಂಪಿಕ್ಸಿನಿಂದ ಹೊರಗುಳಿದಿದ್ದ ಗಾಲ್ಫನ್ನು ೨೦೧೬ರಲ್ಲಿ ಮತ್ತೆ ಸೇರಿಸುವುದೆಂದು ನಿಶ್ಚಯವಾಯಿತು. ಒಲಿಂಪಿಕ್ಸಿನಲ್ಲಿ ಉತ್ತರ ಐರ್ಲೆಂಡಿಗೆ ಪ್ರತ್ಯೇಕವಾದ ತಂಡವಿಲ್ಲ. ಅಲ್ಲಿಯವನು ಬ್ರಿಟನ್ನಿಗೆ ಆಡಬಹುದು, ಇಲ್ಲವೆ ಐರ್ಲೆಂಡಿಗೆ ಆಡಬಹುದು. ಮ್ಯಾಕಿಲ್‌ರಾಯನು ಕ್ಯಾಥೊಲಿಕ್ ಮನೆತನದಲ್ಲಿ ಹುಟ್ಟಿ, ಪ್ರಾಟೆಸ್ಟೆಂಟರು ಹೆಚ್ಚಾಗಿರುವ ಪಟ್ಟಣದಲ್ಲಿ ಬೆಳೆದವನು. ಐರಿಷ್ ಒಕ್ಕೂಟದ ಆಶ್ರಯದಲ್ಲಿ ಆಟ ಕಲಿತವನು; ಬ್ರಿಟಿಷ್ ದೂರದರ್ಶನವನ್ನು ನೋಡುತ್ತ ದೊಡ್ಡವನಾದವನು. ೧೯೯೮ರ ಏಪ್ರಿಲ್ ೧೦ರಂದು ಆದ ಬೆಲ್‌ಫಾಸ್ಟ್ ಒಪ್ಪಂದವು, ಉತ್ತರದ ನಿವಾಸಿಯು ತನ್ನನ್ನು ಐರಿಷ್ ಎಂದಾಗಲಿ ಬ್ರಿಟಿಷ್ ಎಂದಾಗಲಿ ಎರಡೂ ಎಂದಾಗಲಿ ತಿಳಿದುಕೊಳ್ಳುವ ಹಕ್ಕನ್ನು ಮನ್ನಿಸಿತ್ತು. ಒಪ್ಪಂದವು 'ಎರಡೂ' ಎನ್ನಲು ಅವಕಾಶ ಕೊಟ್ಟಿದ್ದರೆ, ಒಲಿಂಪಿಕ್ಸು 'ಎರಡರಲ್ಲೊಂದು' ಎಂದು ಕೇಳಿತು. ೨೦೧೨ರಲ್ಲಿ ಈತನ ಒಂದು ಸಂದರ್ಶನದ ಮಾತಿನಿಂದ ಎರಡು ಕಡೆಯೂ ವಿವಾದವೆದ್ದಾಗ, ತಾನಿನ್ನೂ ಏನನ್ನೂ ನಿಶ್ಚಯಿಸಿಲ್ಲವೆಂದು ಈತನು ಬಹಿರಂಗ ಪತ್ರವನ್ನೇ ಬರೆಯಬೇಕಾಯಿತು. ೨೦೧೪ರಲ್ಲಿ ಐರ್ಲೆಂಡಿಗೆ ಆಡುವೆನೆಂದು ತಿಳಿಸಿದನು. ೨೦೧೬ರಲ್ಲಿ ಜೀಕಾ ರೋಗದ ಭಯವನ್ನು ಕಾರಣವಾಗಿ ಹೇಳಿ ಹಿಂದೆಗೆದನು. ೨೦೧೭ರಲ್ಲಿ, ಇಂಥ ಆಯ್ಕೆಯನ್ನು ತನ್ನ ಮೇಲೆ ಹೊರಿಸಿದುದಕ್ಕಾಗಿ ಆ ಕೂಟದ ಮೇಲೆ ತನಗೆ ಅಸಮಾಧಾನ ಹುಟ್ಟಿತೆಂದು ಮನಬಿಚ್ಚಿ ಹೇಳಿದನು.

ಗೆದ್ದವನನ್ನು ನಮ್ಮವನೆಂದು ಅಪ್ಪಿಕೊಳ್ಳುವ ಅಭಿಮಾನವೊಂದು. ಗೆಲ್ಲುವುದಕ್ಕೆ ಮೊದಲೇ 'ನೀನು ಯಾರವನು, ಪ್ರಮಾಣಮಾಡಿ ಹೇಳು' ಎಂದು ಕೇಳುವ ಅಭಿಮಾನ ಇನ್ನೊಂದು. ಇವೆರಡನ್ನೂ ಸಾಮಾನ್ಯವಾಗಿ ರಾಷ್ಟ್ರಾಭಿಮಾನವೆಂಬ ಒಂದೇ ಹೆಸರಿನಿಂದ ಕರೆಯುವುದರಿಂದ ವಿಚಾರದಲ್ಲಿ ಗೊಂದಲವುಂಟಾಗುತ್ತದೆ. ಹೈಡನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದುದು ಎರಡನೆಯದು. ಡೇಲಿಯ ಹೆಸರನ್ನು ಕುಳಿಗೆ ಇಟ್ಟುದು ಮೊದಲನೆಯದು.

೫

ಈ ಭೇದವು ಅತ್ಯಂತ ಸ್ಪಷ್ಟವಾಗಿ ಕಂಡುಬಂದುದು ೨೦೧೯ರಲ್ಲಿ. ಓಪನ್ ಪಂದ್ಯವು ಅದಕ್ಕೆ ಹಿಂದೆ ಐರ್ಲೆಂಡಿನ ನೆಲದಲ್ಲಿ ಒಂದೇ ಬಾರಿ, ೧೯೫೧ರಲ್ಲಿ, ಪೋರ್ಟ್‌ರಷ್ಷಿನಲ್ಲಿ ನಡೆದಿತ್ತು. ನಡುವೆ ಬಂದ ದೀರ್ಘ ಹಿಂಸೆಯ ಕಾಲದಲ್ಲಿ ಅದು ಮತ್ತೆ ಅಲ್ಲಿಗೆ ಬರುವುದನ್ನು ಯಾರೂ ನಿರೀಕ್ಷಿಸಲಾಗುತ್ತಿರಲಿಲ್ಲ. ಅರುವತ್ತೆಂಟು ವರ್ಷಗಳ ಬಳಿಕ ಅದು ಹಿಂದಿರುಗಿದಾಗ, ದ್ವೀಪದ ಎರಡು ಭಾಗಗಳಿಂದಲೂ ಹೊರದೇಶಗಳಿಂದಲೂ ಎರಡು ಲಕ್ಷಕ್ಕೂ ಮೇಲ್ಪಟ್ಟ ಪ್ರೇಕ್ಷಕರು ನೆರೆದರು. ಎಲ್ಲರ ಕಣ್ಣೂ ಮ್ಯಾಕಿಲ್‌ರಾಯನ ಮೇಲಿದ್ದಿತು. ಆತನು ಮೊದಲನೆಯ ಹೊಡೆತದಲ್ಲಿಯೇ ಚೆಂಡನ್ನು ಎಲ್ಲೆಯ ಹೊರಗೆ ಹೊಡೆದು, ಆ ಕುಳಿಗೆ ಎಂಟು ಹೊಡೆತಗಳನ್ನು ವ್ಯಯಮಾಡಿ, ಅಂದಿನ ಸುತ್ತನ್ನು ೭೯ರಲ್ಲಿ ಮುಗಿಸಿದನು. ಮರುದಿನ ೬೫ ಹೊಡೆತಗಳ ಅಪೂರ್ವವಾದ ಆಟವಾಡಿದರೂ ಒಂದು ಹೊಡೆತದ ಕೊರತೆಯಿಂದ ಮುಂದಿನ ಸುತ್ತುಗಳಿಗೆ ಅರ್ಹನಾಗಲಿಲ್ಲ. ಆ ಸಂಜೆಯ ಮಬ್ಬಿನಲ್ಲಿ ಜನಸಮೂಹವು ಸೋತವನಿಗೆ ಮಾಡಿದ ಜಯಘೋಷವನ್ನು ಕೇಳಿ ಆತನು ಕಣ್ಣೀರಿಟ್ಟನು.

ಆಗ ಜನರ ಆಸೆಯು ಷೇನ್ ಲೌರಿಯ ಕಡೆಗೆ ತಿರುಗಿತು. ಈತನು ಗಣರಾಜ್ಯದ ನಡುನಾಡಾದ ಆಫಲಿ ಕೌಂಟಿಯ ಕ್ಲಾರ ಎಂಬ ಊರಿನವನು. ೨೦೦೯ರಲ್ಲಿ ಇನ್ನೂ ವೃತ್ತಿಗಿಳಿಯದ ಹವ್ಯಾಸಿಯಾಗಿದ್ದಾಗಲೇ ಐರಿಷ್ ಓಪನ್ ಗೆದ್ದು ಹೆಸರಾಗಿದ್ದನು. ೨೦೧೬ರ ಅಮೆರಿಕದ ಓಪನ್ ಪಂದ್ಯದಲ್ಲಿ ಕೊನೆಯ ಸುತ್ತಿಗೆ ನಾಲ್ಕು ಹೊಡೆತಗಳ ಮುನ್ನಡೆಯೊಡನೆ ಇಳಿದು ಸೋತನು. ೨೦೧೮ರ ಓಪನ್ ಪಂದ್ಯದಿಂದ ಅರ್ಧಕ್ಕೇ ಹೊರಬಿದ್ದು, ಕಾರಿನಲ್ಲಿ ಕುಳಿತು ಅತ್ತುದನ್ನು ಮುಂದೆ ತಾನೇ ಹೇಳಿಕೊಂಡನು. ಪೋರ್ಟ್‌ರಷ್ಷಿನಲ್ಲಿ ಮೂರನೆಯ ದಿನ ೬೩ ಹೊಡೆತಗಳಲ್ಲಿ ಸುತ್ತನ್ನು ಮುಗಿಸಿ ನಾಲ್ಕು ಹೊಡೆತಗಳಷ್ಟು ಮುಂದಾದನು. ಜುಲೈ ೨೧ರ ಆದಿತ್ಯವಾರ ಗಾಳಿಯೂ ಮಳೆಯೂ ಬಡಿಯುತ್ತಿರಲಾಗಿ, ಒಟ್ಟು ೨೬೯ ಹೊಡೆತಗಳೊಡನೆ, ಆರು ಹೊಡೆತಗಳ ಅಂತರದಿಂದ ಗೆದ್ದನು. ಆತನ ದಾಂಡುಗಳನ್ನು ಹೊತ್ತಿದ್ದ ಕ್ಯಾಡಿಯು ಉತ್ತರದ ಡೌನ್ ಕೌಂಟಿಯವನು. ರಾಯಲ್ ಎಂಬ ಬಿರುದುಳ್ಳ ಕ್ಲಬ್ಬಿನಲ್ಲಿ, ಬ್ರಿಟಿಷ್ ರಾಜ್ಯದ ನೆಲದಲ್ಲಿ, ಗಣರಾಜ್ಯದವನೊಬ್ಬನನ್ನು ನೆರೆದ ಜನರು ತಮ್ಮ ಮನೆಯ ಮಗನೆಂಬಂತೆ ಹರ್ಷಧ್ವನಿಯಿಂದ ಎದುರುಗೊಂಡರು. 'ನೀನು ಯಾವ ಕಡೆಯವನು' ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲ.

ಎರಡು ದಿನಗಳ ಮೇಲೆ, ಜುಲೈ ೨೩ರ ಮಂಗಳವಾರ, ಆತನು ಕ್ಲಾರಕ್ಕೆ ಹಿಂದಿರುಗಿದನು. ಸುಮಾರು ಮೂರು ಸಾವಿರ ಜನರ ಊರು. ಸುತ್ತಲೂ ಉರುವಲಿಗೆ ಮಣ್ಣನ್ನು ಅಗೆಯುವ ಜೌಗುಭೂಮಿ. ೧೫೫೬ರಲ್ಲಿ ಇಂಗ್ಲೆಂಡಿನ ರಾಣಿ ಮೇರಿಯ ಕಾಲದಲ್ಲಿ ಈ ಸೀಮೆಗೆ 'ರಾಜನ ಕೌಂಟಿ' ಎಂಬ ಹೆಸರಿಟ್ಟಿದ್ದರು. ಸ್ವಾತಂತ್ರ್ಯದ ಕಾಲದಲ್ಲಿ ಆ ಹೆಸರನ್ನು ತೊರೆದು ಆಫಲಿ ಎಂಬ ಹಳೆಯ ಹೆಸರನ್ನೇ ಜನರು ಮತ್ತೆ ಹಿಡಿದರು. ಭಾರತದೊಡನೆಯೂ ಈ ಊರಿಗೆ ಒಂದು ಸಂಬಂಧವುಂಟು. ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಗುಡ್‌ಬಾಡಿ ಎಂಬ ಮನೆತನದವರು ಇಲ್ಲಿ ಸೆಣಬಿನ ಗಿರಣಿಯನ್ನು ಸ್ಥಾಪಿಸಿದರು. ಬಂಗಾಳದ ಸೆಣಬೇ ಅಲ್ಲಿ ಚೀಲವಾಗುತ್ತಿತ್ತು. ಆ ಗಿರಣಿಯೇ ಬಹುಕಾಲ ಊರಿನ ಜೀವನಾಧಾರವಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಮುಚ್ಚಿಹೋಯಿತು. ಹೊರಗಿನವರು ಬಂದು ಈ ಊರಿನ ಹೆಸರನ್ನು ವಿಚಾರಿಸಲು ಅನಂತರ ಹೆಚ್ಚಿನ ಕಾರಣಗಳಿರಲಿಲ್ಲ.

ಅಂಥ ಊರಿನ ಬೀದಿಯಲ್ಲಿ ಅಂದು ಸಾವಿರಾರು ಜನರು ಕಿಕ್ಕಿರಿದರು. ಮೇಲ್ಭಾಗ ತೆರೆದ ಬಸ್ಸಿನಲ್ಲಿ ಲೌರಿಯು ಹೂಜಿಯನ್ನು ಎತ್ತಿಹಿಡಿದು ಬಂದನು. ಈ ಮೆರವಣಿಗೆಯ ಕ್ರಮವು ಗಾಲ್ಫಿನಿಂದ ಬಂದುದಲ್ಲವೆಂಬುದನ್ನು ಗಮನಿಸಬೇಕು. ಅದು ಗೇಲಿಕ್ ಆಟಗಳ ಸಂಪ್ರದಾಯ. ಅಖಿಲ ಐರ್ಲೆಂಡ್ ಪಂದ್ಯದಲ್ಲಿ ಗೆದ್ದ ಕೌಂಟಿಯ ತಂಡವು ಡಬ್ಲಿನ್ನಿನಿಂದ ಹಿಂದಿರುಗುವಾಗ ದಾರಿಯುದ್ದಕ್ಕೂ ಬೆಂಕಿಯ ರಾಶಿಗಳನ್ನು ಹೊತ್ತಿಸಿ, ಊರೂರಿನಲ್ಲಿ ಕಪ್ಪನ್ನು ಎತ್ತಿ ತೋರಿಸುವುದು ಆ ನಾಡಿನ ಪದ್ಧತಿ. ಕ್ಲಾರಕ್ಕೂ ಲೌರಿಯ ಮನೆಗೂ ಇದರ ನೆನಪು ಗಾಢವಾಗಿತ್ತು. ೧೯೮೨ರ ಸೆಪ್ಟೆಂಬರ್ ೧೯ರಂದು ಸತತವಾಗಿ ಐದನೆಯ ಬಾರಿ ಗೆಲ್ಲಲು ಬಂದಿದ್ದ ಕೆರಿ ಕೌಂಟಿಯ ತಂಡವನ್ನು ಕೊನೆಯ ನಿಮಿಷಗಳಲ್ಲಿ ಸೇಮಸ್ ಡಾರ್ಬಿ ಹೊಡೆದ ಗೋಲಿನಿಂದ ಆಫಲಿಯು ಒಂದೇ ಅಂಕದಿಂದ ಸೋಲಿಸಿತ್ತು. ಆ ತಂಡದಲ್ಲಿ ಲೌರಿಯ ತಂದೆಯಾದ ಬ್ರೆಂಡನನೂ, ಆತನ ಸೋದರರಾದ ಷಾನ್ ಮತ್ತು ಮಿಕ್ ಎಂಬಿಬ್ಬರೂ ಆಡಿದ್ದರು. ಮೂವತ್ತೇಳು ವರ್ಷಗಳ ಬಳಿಕ ತಂದೆಯು ಕಂಡಿದ್ದ ಸ್ವಾಗತವೇ ಮಗನಿಗೂ ದೊರೆಯಿತು. ಕೈಯಲ್ಲಿದ್ದ ಪಾತ್ರೆ ಮಾತ್ರ ಬೇರೆ. ಅನ್ಯರದೆನಿಸಿದ್ದ ಆಟದ ವಿಜಯಿಯನ್ನು ದೇಶೀಯ ಆಟದ ಮರ್ಯಾದೆಯಿಂದಲೇ ಊರು ಬರಮಾಡಿಕೊಂಡಿತು. ಹೀಗೆ ನಿಷೇಧಗಳೂ ಪಟ್ಟಿಗಳೂ ನೂರು ವರ್ಷಗಳಲ್ಲಿ ಇತ್ಯರ್ಥಮಾಡಲಾರದೆ ಹೋದುದನ್ನು ಒಂದು ಊರಿನ ಜನರು ಚರ್ಚೆಯಿಲ್ಲದೆ ಇತ್ಯರ್ಥಮಾಡಿದರು.

ಅದೇ ಜುಲೈ ೨೩ರಂದು ಲಂಡನ್ನಿನಲ್ಲಿ ಬೋರಿಸ್ ಜಾನ್ಸನನು ಆಳುವ ಪಕ್ಷದ ನಾಯಕನಾಗಿ ಆಯ್ಕೆಯಾದನು, ಮರುದಿನ ಪ್ರಧಾನಿಯಾದನು. ಬ್ರಿಟನ್ನು ಯೂರೋಪಿನ ಒಕ್ಕೂಟವನ್ನು ಬಿಡುವ ಪ್ರಯತ್ನದಲ್ಲಿ ಐರ್ಲೆಂಡಿನ ನಡುವಿನ ಗಡಿಯೇ ಆಗ ಅತಿ ಕಠಿನವಾದ ಪ್ರಶ್ನೆಯಾಗಿತ್ತು. ಪೋರ್ಟ್‌ರಷ್ಷಿನಲ್ಲಿ ಗೆದ್ದ ಹೂಜಿಯು ಯಾವ ತಡೆಯೂ ಇಲ್ಲದೆ ಆ ಗಡಿಯನ್ನು ದಾಟಿ ಬಂದ ವಾರದಲ್ಲಿಯೇ, ಆ ಗಡಿಯಲ್ಲಿ ಮುಂದೆ ತಡೆಗಳು ಏಳುವುವೋ ಏನೋ ಎಂಬ ಆತಂಕವು ಎರಡೂ ಕಡೆಯ ಜನರಲ್ಲಿದ್ದಿತು. ಸಂಭ್ರಮವು ಅಷ್ಟು ತೀವ್ರವಾಗಿದ್ದುದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದು.

೬

ಇಷ್ಟರಿಂದ ಕ್ರೀಡೆಯ ಅಭಿಮಾನವು ನಾಡನ್ನು ಒಂದುಗೂಡಿಸಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಪೋರ್ಟ್‌ರಷ್ಷಿನ ಹರ್ಷಧ್ವನಿಯಿಂದ ಉತ್ತರದ ರಾಜಕೀಯ ಪಕ್ಷಗಳ ಭೇದವು ಅಳಿಯಲಿಲ್ಲ. ಕ್ಲಾರದ ಮುಚ್ಚಿದ ಗಿರಣಿಯು ಮತ್ತೆ ತೆರೆಯಲಿಲ್ಲ. ಕ್ಸೆನೊಫಾನೀಸನು ಕ್ಲಾರಕ್ಕೆ ಬಂದಿದ್ದರೂ ತನ್ನ ಮಾತನ್ನೇ ಹೇಳುತ್ತಿದ್ದನು. ಅದಕ್ಕೆ ಪೂರ್ಣವಾದ ಉತ್ತರವಿಲ್ಲ. ಅಲ್ಲದೆ ಲೌರಿಯ ಸ್ವಾಗತವು ಸುಲಭವಾಗಿದ್ದುದಕ್ಕೆ ಆತನ ಹುಟ್ಟಿನಲ್ಲಿ ಸಂದಿಗ್ಧವಿಲ್ಲದಿದ್ದುದೂ ಒಂದು ಕಾರಣ. ಆಫಲಿಯವನಿಗೆ ಧ್ವಜ ಯಾವುದೆಂದು ಯಾರೂ ಕೇಳುವುದಿಲ್ಲ. ನಿಜವಾದ ಪರೀಕ್ಷೆಯು ಹಾಲಿವುಡ್ಡಿನವನದು.

ಆ ಪರೀಕ್ಷೆಯ ಮುಂದಿನ ಗತಿಯನ್ನೂ ನೋಡಬೇಕು. ಮ್ಯಾಕಿಲ್‌ರಾಯನು ೨೦೧೯ರಲ್ಲಿ ಐರ್ಲೆಂಡಿಗೆ ಆಡುವೆನೆಂದು ಮತ್ತೆ ತಿಳಿಸಿ, ೨೦೨೧ರಲ್ಲಿ ಟೋಕಿಯೊದಲ್ಲಿಯೂ ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿಯೂ ಲೌರಿಯ ಜೊತೆಗಾರನಾಗಿ ಆಡಿದನು. ಪ್ಯಾರಿಸ್ಸಿನಲ್ಲಿ ಐರ್ಲೆಂಡಿನ ಧ್ವಜವನ್ನು ಹಿಡಿದ ಇಬ್ಬರಲ್ಲಿ ಲೌರಿಯೊಬ್ಬನು. ೨೦೨೫ರ ಏಪ್ರಿಲಿನಲ್ಲಿ ಮ್ಯಾಕಿಲ್‌ರಾಯನು ಅಮೆರಿಕದ ಅಗಸ್ಟದಲ್ಲಿ ಮಾಸ್ಟರ್ಸ್ ಪ್ರಶಸ್ತಿಯನ್ನು ಗೆದ್ದು, ನಾಲ್ಕು ಮಹಾಪ್ರಶಸ್ತಿಗಳನ್ನೂ ಪಡೆದ ಆರನೆಯ ಆಟಗಾರನಾದನು. ಅದೇ ವರ್ಷದ ಜುಲೈನಲ್ಲಿ ಓಪನ್ ಪಂದ್ಯವು ಮತ್ತೊಮ್ಮೆ ಪೋರ್ಟ್‌ರಷ್ಷಿಗೆ ಬಂದಿತು. ಗೆದ್ದವನು ಅಮೆರಿಕದ ಸ್ಕಾಟಿ ಷೆಫ್ಲರ್; ಮ್ಯಾಕಿಲ್‌ರಾಯನು ಏಳನೆಯ ಸ್ಥಾನದಲ್ಲಿ ಇತರರೊಡನೆ ಸಮನಾಗಿ ನಿಂತನು. ಆದರೂ ಕೊನೆಯ ಕುಳಿಯ ಬಳಿ ಜನರು ಆತನಿಗೆ ಮಾಡಿದ ಸ್ವಾಗತವು ವಿಜಯಿಗೆ ಸಲ್ಲುವಂಥದೇ ಆಗಿದ್ದಿತು. ಸೆಪ್ಟೆಂಬರಿನಲ್ಲಿ ಗಣರಾಜ್ಯದ ಕಿಲ್ಡೇರ್ ಕೌಂಟಿಯಲ್ಲಿ ನಡೆದ ಐರಿಷ್ ಓಪನ್ ಪಂದ್ಯವನ್ನು ಆತನೇ ಗೆದ್ದಾಗ ಅಲ್ಲಿಯ ಜನರ ಆನಂದಕ್ಕೆ ಪಾರವಿರಲಿಲ್ಲ. ಈ ಎರಡು ಮೈದಾನಗಳ ನಡುವೆ ಒಂದು ರಾಜ್ಯದ ಎಲ್ಲೆಯಿದೆ. ಎರಡು ಕಡೆಯೂ ಆತನು ಮನೆಗೆ ಬಂದವನಂತೆಯೇ ಸ್ವಾಗತ ಪಡೆದನು. ಒಪ್ಪಂದದ ಕಾಗದದಲ್ಲಿದ್ದ 'ಎರಡೂ' ಎಂಬ ಮಾತಿಗೆ ಒಲಿಂಪಿಕ್ಸಿನ ನಿಯಮವು ಕೊಡಲಾರದ ಅರ್ಥವನ್ನು ಜನರ ಸ್ವಾಗತವು ಕೊಟ್ಟಿತು.

ಮೇಲಿನ ವೃತ್ತಾಂತಗಳಿಂದ ಒಂದು ಸಂಗತಿಯು ನಿಷ್ಪನ್ನವಾಗುತ್ತದೆ. ವಿಜಯಿಯ ಪುರಪ್ರವೇಶದಲ್ಲಿ ತೋರುವ ಅಭಿಮಾನವು ಊರಿನಿಂದ ಹುಟ್ಟಿ, ಕೌಂಟಿಗೆ ಹರಡಿ, ನಾಡಿಗೆ ವ್ಯಾಪಿಸಿದಾಗ ಅದರ ಎಲ್ಲೆಗಳು ಹಿಗ್ಗುತ್ತ ಹೋಗುತ್ತವೆ. ಅದೇ ಅಭಿಮಾನವು ಮೇಲಿನಿಂದ ಇಳಿದು, ರಾಷ್ಟ್ರದ ಹೆಸರಿನಲ್ಲಿ ಮೊದಲು ನಿಷ್ಠೆಯನ್ನು ಕೇಳಿ ಆಮೇಲೆ ಮನ್ನಣೆ ಕೊಡುವುದಾದರೆ, ಎಲ್ಲೆಗಳು ಕುಗ್ಗುತ್ತವೆ. ಹೈಡನಂಥವನಿಗೂ ಅದರಲ್ಲಿ ಸ್ಥಳವಿಲ್ಲದೆ ಹೋಗುತ್ತದೆ. ಅಕ್ರಗಾಸಿನ ಮುನ್ನೂರು ರಥಗಳೆಲ್ಲವೂ ಆ ಪಟ್ಟಣದ ಪ್ರಜೆಗಳವೇ ಆಗಿದ್ದುವೆಂದು ಡಿಯೊಡೋರಸನು ವಿಶೇಷವಾಗಿ ಹೇಳುತ್ತಾನೆ. ಅವುಗಳನ್ನು ಯಾವ ಅರಸನೂ ಕಳುಹಿಸಿರಲಿಲ್ಲ.